ಛತ್ತಿನ ಕಾವು ತಡಿಯೋದು ಹ್ಯಾಂಗ, ನೀರು ಒಳಗ ಸಿಕ್ಕೊಳ್ಳದಂಗ

ರಾಯಚೂರಾಗ ಮೇ ತಿಂಗಳ ರಾತ್ರಿ 11ಕ್ಕ ಫ್ಯಾನ್ ಹಾಕ್ಕೊಂಡು ಮಲ್ಕೊಂಡವ್ರಿಗೆ ನಾನೇನು ಹೊಸದಾಗಿ ಹೇಳೋದು ಬ್ಯಾಡ. ಹೊತ್ತು ಮುಳುಗಿ ನಾಕು ತಾಸಾಗಿರ್ತೈತಿ, ಹೊರಗ ಕಟ್ಟಿ ಮ್ಯಾಲ ಕುಂತ್ರ ಗಾಳಿ ಪರವಾಗಿಲ್ಲ ಅನ್ನಂಗ ಇರ್ತೈತಿ, ಒಳಗ ಬಂದ್ರ ಮಾತ್ರ ಫ್ಯಾನು ಒಲಿ ಮುಂದಿನ ಗಾಳಿನ್ನ ಎಳ್ದು ಎಳ್ದು ಮೈಮ್ಯಾಲ ಸುರೀತೈತಿ. ಕಾರಣ ಗೋಡಿ ಅಲ್ಲ, ಛತ್ತು. ನಡು ಮಧ್ಯಾಹ್ನ ಸ್ಲ್ಯಾಬಿನ ಮ್ಯಾಲ್ಮೈ 60 ಡಿಗ್ರಿ ದಾಟ್ತೈತಿ, ಆ ಕಾವು ಕಾಂಕ್ರೀಟಿನಾಗ ನಿಧಾನಕ್ಕ ಇಳ್ದು ನಾವು ಊಟ ಮಾಡಿ ಮಲಗೋ ಹೊತ್ತಿಗೆ ಸರಿಯಾಗಿ ಕೆಳಗ ಬಂದು ಮುಟ್ತೈತಿ.

ಅದಕ್ಕ ಈಗ ಎಲ್ಲಾರೂ ಛತ್ತಿಗೆ ಏನಾರ ಹಾಕಸ್ತಾರ, ಥರ್ಮಾಕೋಲ್, ಪಫ್ ಸ್ಪ್ರೇ (ನೊರಿ ಥರ ಹೊಡ್ದು ಗಟ್ಟಿಯಾಗೋದು), ಬಿಳಿ ಪೇಂಟು, ಫಾಲ್ಸ್ ಸೀಲಿಂಗ್ ಮ್ಯಾಲ ಗ್ಲಾಸ್ ವುಲ್, ಅಂದ್ರ ಗಾಜಿನ ಎಳಿಯ ಉಣ್ಣಿ. ಹಾಕಸ್ರಿ, ಬ್ಯಾಡ ಅನ್ನಲ್ಲ. ಆದ್ರ ನಾನು ಒಮ್ಮಿ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ ಅಂತ ಇಷ್ಟುದ್ದ ಬರಿಯಾಕ ಕುಂತೀನಿ.

ನಾನು ಮಾಡಿದ್ದು ಏನಂದ್ರ, ಮಳಿಗಾಲ ಮುಗ್ದ ಕೂಡ್ಲೇ ಅಕ್ಟೋಬರದಾಗ ಗೌಂಡಿ ಸಿಕ್ಕ ಅಂತ ಹೇಳಿ ಛತ್ತಿನ ಮ್ಯಾಲ 2 ಇಂಚ್ ಬಿಳಿ ಥರ್ಮಾಕೋಲ್ ಹಾಸಿ ಅದರ ಮ್ಯಾಲ ಉಸುಕು ಸಿಮೆಂಟ್ ಹಾಕಿಸಿ ಬಿಟ್ಟೆ. ಸ್ಲ್ಯಾಬ್ ಮ್ಯಾಲ್ಗಡಿ ಒಣಗಿದಂಗ ಕಾಣ್ತಿತ್ತು, ಒಳಗ ಹಸಿ ಇತ್ತು, ಪ್ಯಾರಾಪೆಟ್ (ಛತ್ತಿನ ಸುತ್ತಲಿನ ಗಿಡ್ಡ ಗೋಡಿ) ಬುಡದಾಗ ಕೂದಲೆಳಿ ಸೀಳೂ ಇತ್ತು, ಅದನ್ನ ನಾನೂ ನೋಡಲಿಲ್ಲ ಅವನೂ ನೋಡಲಿಲ್ಲ. ಮುಂದಿನ ಬ್ಯಾಸಗಿ ಭಾಳ ಚಲೋ ಆತು, ಮನಿ ತಂಪು, ಬೀಗರಿಗೆಲ್ಲ ಫೋನ್ ಮಾಡಿ ಹೇಳಿದ್ದೇ ಹೇಳಿದ್ದು. ಅದರ ಮುಂದಿನ ಮಳಿಗಾಲದಾಗ ಹಾಲ್ ಮೂಲ್ಯಾಗ ಕಂದು ಕಲಿ ಮೂಡಿತು, ಮಳಿ ನಿಂತ ಮ್ಯಾಲೂ ಒಣಗಲಿಲ್ಲ, ದೀಪಾವಳಿ ಹೋತು ಸಂಕ್ರಾಂತಿ ಬಂತು ಇನ್ನೂ ಹಸೀನ. ಗಿಲಾವು ಒಂದಿನ ದಪ್ ಅಂತ ಬಿತ್ತು, ನೋಡಿದ್ರ ಕಬ್ಬಿಣ ಜಂಗು ಹಿಡ್ದು ಉಬ್ಬೈತಿ. ಅವ್ವ ಮ್ಯಾಲ ನೋಡಿ ಒಂದೇ ಮಾತು ಅಂದ್ಲು, "ಹಸಿ ತಲಿಗೆ ಟೊಪ್ಪಿಗಿ ಹಾಕಿಬಿಟ್ಟಿ ನೋಡಪಾ". ಮ್ಯಾಲಿನ ಸಿಮೆಂಟು, ಥರ್ಮಾಕೋಲು ಎಲ್ಲಾ ಒಡ್ದು ತೆಗಸಿದ ಖರ್ಚು ಹಾಕಿದ ಖರ್ಚಿಗಿಂತ ಜಾಸ್ತಿ ಆತು, ತೆಗ್ದ ಥರ್ಮಾಕೋಲ್ ತುಂಡು ಎತ್ತಿದ್ರ ನೀರು ಹನೀತಿತ್ತು.

ಮುಂದ ಹೇಳೋದೆಲ್ಲಾ ಒಂದೇ ಮಾತಿನ ಸುತ್ತ ತಿರುಗ್ತೈತಿ, ಮೊದಲು ನೀರಿನ ಕೆಲಸ, ಆಮ್ಯಾಲ ಕಾವಿನ ಕೆಲಸ. ಕಾವು ತಡಿಯೋ ವಸ್ತು ಯಾವುದಿದ್ರೂ ಅದು ಒಣಗೋದನ್ನೂ ತಡೀತೈತಿ. ಬರೀ ಛತ್ತಿದ್ದಾಗ ಸೋರಿದ ನೀರನ್ನ ನಮ್ಮ ಬಿಸಿಲೇ ಎರಡು ದಿನದಾಗ ಕುಡ್ದು ಬಿಡ್ತಿತ್ತು, ಮ್ಯಾಲ ಮುಚ್ಚಿಗಿ ಹಾಕಿದ ಮ್ಯಾಲ ಆ ಬಿಸಿಲಿನ ಸಹಾಯ ಇರಂಗಿಲ್ಲ.

ಮೊದಲು ಹಸಿ ಎಲ್ಲೈತಿ ಹುಡುಕ್ರಿ

ಸಾಮಾನು ತರೋಕಿಂತ ಮುಂಚೆ ಒಂದು ವಾರ ಇದಕ್ಕ ಕೊಡ್ರಿ. ಬೆಳಿಗ್ಗೆ ಬೆಳಕಿನಾಗ ಒಂದು ಟಾರ್ಚ್ ತಗೊಂಡು ಪ್ರತಿ ರೂಮಿನ ಛಾವಣಿ ಕೆಳಗಿಂದ ನೋಡ್ರಿ. ಕಂದು ಬಣ್ಣದ ಉಂಗುರ ಇದ್ರ ಅದು ಸೋರಿಕಿ. ಬಿಳಿ ಬೂದಿ ಥರ ಉಪ್ಪು ಹೂತಂಗ ಬಂದಿದ್ರ ಅಲ್ಲಿ ನೀರು ಓಡಾಡೈತಿ ಅಂತ ಅರ್ಥ, ಒಳಗಿನ ಉಪ್ಪನ್ನ ನೀರು ಹೊತ್ಕೊಂಡು ಬಂದು ಮ್ಯಾಲ್ಮೈಗೆ ಬಿಟ್ಟು ತಾನು ಆರಿ ಹೋಗಿರ್ತೈತಿ. ನಮ್ಮ ಕಡಿ ಸವಳು ಬೋರಿನ ನೀರಿನಾಗ ಕ್ಯೂರಿಂಗ್ ಮಾಡಿದ ಸ್ಲ್ಯಾಬಿನಾಗ ಇದು ಇನ್ನೂ ಜಾಸ್ತಿ. ಕೈಲೆ ತಟ್ಟಿದ್ರ ಪೊಳ್ಳು ಸಪ್ಪಳ ಬಂದ್ರ ಗಿಲಾವು ಬಿಟ್ಟೈತಿ, ಅದನ್ನ ನೀವಾಗೇ ಬೀಳಿಸಿ ಕಬ್ಬಿಣ ನೋಡ್ರಿ.

ಈಗ ಒಂದು ಅನುಮಾನ ಬರ್ತೈತಿ, ಈ ಹಸಿ ಮ್ಯಾಲಿಂದ ಬಂದ ಮಳಿ ನೀರೋ ಇಲ್ಲಾ ಮನಿ ಒಳಗಿನ ಉಗಿನೋ ಅಂತ. ಇದಕ್ಕ ರೊಕ್ಕ ಇಲ್ಲದ ಟೆಸ್ಟ್ ಐತಿ. ಒಂದೂವರಿ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳಿ ತಗೊಂಡು ಹಸಿ ಜಾಗಕ್ಕ ಛಾವಣಿಗೆ ಅಂಟಸ್ರಿ, ನಾಕೂ ಕಡಿ ಟೇಪ್ ಬಿಗಿಯಾಗಿ ಹಚ್ರಿ, ಒಂದಿನ ಬಿಡ್ರಿ. ಹಾಳಿಯ ಹಿಂದಗಡಿ, ಅಂದ್ರ ಸ್ಲ್ಯಾಬ್ ಕಡಿ, ನೀರಿನ ಹನಿ ಕಂಡ್ರ ಹಸಿ ಸ್ಲ್ಯಾಬಿನಾಗ ಐತಿ. ರೂಮಿನ ಕಡಿ ಮೈಮ್ಯಾಲ ಹನಿ ಕಂಡ್ರ ಅದು ನಿಮ್ಮ ಅಡಗಿ ಮನಿ, ಬಚ್ಚಲು, ಒಳಗ ಒಣಗಾಕಿದ ಬಟ್ಟಿ ಇವುಗಳ ಉಗಿ. ಎರಡೂ ಬ್ಯಾರೆ ಬ್ಯಾರೆ ರೋಗ, ಬ್ಯಾರೆ ಬ್ಯಾರೆ ಔಷಧ, ಛತ್ತಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ರ ಬಚ್ಚಲದ ಉಗಿ ನಿಲ್ಲಂಗಿಲ್ಲ.

ಇದೇ ಪ್ಲಾಸ್ಟಿಕ್ ಟೆಸ್ಟ್ ಛತ್ತಿನ ಮ್ಯಾಲೂ ಮಾಡ್ರಿ, ಕಮ್ಮಿ ಅಂದ್ರ 16 ತಾಸು, ಸಂಜಿ 4ಕ್ಕ ಹಚ್ಚಿ ಮರುದಿನ ಬೆಳಿಗ್ಗೆ 8ಕ್ಕ ತೆಗದ್ರ ಸರಿ ಹೋಗ್ತೈತಿ. ಹಾಳಿ ಕೆಳಗ ಕಾಂಕ್ರೀಟು ಕಪ್ಪಗಾಗಿದ್ರ ಇಲ್ಲಾ ಬೆವತಿದ್ರ ಛತ್ತು ಇನ್ನೂ ಹಸಿ ಐತಿ, ಏನೂ ಹಾಕಬ್ಯಾಡ್ರಿ. ನಾನು ಇದೊಂದು ಮಾಡಿದ್ರ ಸಾಕಿತ್ತು.

ಇನ್ನ ಸೋರೋ ಜಾಗ ಪಕ್ಕಾ ಗೊತ್ತಾಗಬೇಕಂದ್ರ ನೀರು ನಿಲ್ಲಿಸಿ ನೋಡೋದು. ಪೈಪಿನ ಬಾಯಿಗೆ ಗೋಣಿಚೀಲದಾಗ ಮಣ್ಣು ಕಟ್ಟಿ ಮುಚ್ಚಿ, ಛತ್ತಿನ ಮ್ಯಾಲ 1 ಇಂಚ್ ನೀರು 48 ತಾಸು ನಿಲ್ಲಸ್ರಿ, ಕೆಳಗ ಯಾವ ತಾಸಿಗೆ ಎಲ್ಲಿ ಹಸಿ ಬಂತು ಅಂತ ಸೀಸದಕಡ್ಡೀಲೆ ಗುರುತು ಹಾಕ್ರಿ. 100 ಚದರಡಿಗೆ 1 ಇಂಚ್ ನೀರಂದ್ರ 236 ಲೀಟರ್, ಅಂದ್ರ ಅಷ್ಟೇ ಕೆಜಿ ಭಾರ, ಗಟ್ಟಿ ಆರ್‌ಸಿಸಿಗೆ ಇದೇನೂ ಅಲ್ಲ, ಆದ್ರ ಹಳೇ ಫರ್ಸಿ ಛತ್ತು, ಮಣ್ಣಿನ ಮಾಳಿಗಿ, ಕಬ್ಬಿಣ ಹೊರಗ ಕಾಣೋ ಸ್ಲ್ಯಾಬು, ಇವುಕ್ಕ ಈ ಟೆಸ್ಟ್ ಮಾಡಾಕ ಹೋಗಬ್ಯಾಡ್ರಿ.

ಯಾವಾಗ ಮಾಡೋದು

ಫೆಬ್ರವರಿ, ಮಾರ್ಚ್. ಮಳಿ ಮುಗ್ದು ಮೂರು ತಿಂಗಳ ಒಣ ಗಾಳಿ ಆಡಿರ್ತೈತಿ, ಛತ್ತು ಒಳಗಿನ ತನ ಒಣಗಿರ್ತೈತಿ. ನಮ್ಮ ಜಿಲ್ಲೆಗಳಿಗೆ ಬೀಳೋದೇ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ, ಮಲೆನಾಡಿನವ್ರು ಕೇಳಿದ್ರ ನಗ್ತಾರ, ಆದ್ರ ಅದು ಬೀಳೋದು ಸಪ್ಟಂಬರ್ ಅಕ್ಟೋಬರದಾಗ ಒಮ್ಮೊಮ್ಮಿ ಒಂದೇ ಸಲಕ್ಕ ಹೊಡೀತೈತಿ. 2009ರ ಸಪ್ಟಂಬರ್ ಕೊನಿ, ಅಕ್ಟೋಬರ್ ಮೊದಲ ದಿನಗಳ ಮಳಿ ನೆನಪಿದ್ದವ್ರಿಗೆ ಗೊತ್ತು, ನಮ್ಮ ಕಡಿ ಎಷ್ಟು ಮಣ್ಣಿನ ಮಾಳಿಗಿ ಕುಸ್ದು ಬಿದ್ವು ಅಂತ. ಕಡು ಮೇ ತಿಂಗಳದಾಗ ಮಾಡೋದಾದ್ರ ಸಿಮೆಂಟಿನ ಕೆಲಸ ಬೆಳಿಗ್ಗೆ 9ರೊಳಗ ಇಲ್ಲಾ ಸಂಜಿ ಮುಂದ ಮಾಡಸ್ರಿ, ಮಧ್ಯಾಹ್ನ ಹಚ್ಚಿದ್ದು ಒಣಗಂಗಿಲ್ಲ, ಸುಟ್ಟು ಬಿರೀತೈತಿ.

ಆರ್‌ಸಿಸಿ ಛತ್ತು ಇದ್ದವ್ರಿಗೆ

ಛತ್ತು ಕಸಬರಗಿ ಅಲ್ಲ, ವೈರ್ ಬ್ರಶ್ ಹಾಕಿ ತಿಕ್ಕಿ ತೊಳಸ್ರಿ. ಸೀಳು ಕಂಡಲ್ಲಿ ಇಂಗ್ಲಿಷ್ ವಿ ಆಕಾರಕ್ಕ ಕಡ್ದು ಅಗಲ ಮಾಡಿ ಪಾಲಿಮರ್ ಹಾಕಿದ ಗಚ್ಚು ತುಂಬಸ್ರಿ, ಮ್ಯಾಲೆ ಮ್ಯಾಲೆ ಸಿಮೆಂಟ್ ಹಾಲು ಒರಸಿದ್ರ ಅದು ಒಂದು ಬ್ಯಾಸಗಿಗೆ ಮತ್ತ ಬಾಯಿ ಬಿಡ್ತೈತಿ. ಪ್ಯಾರಾಪೆಟ್ಟು ಮತ್ತ ಸ್ಲ್ಯಾಬು ಕೂಡೋ ಮೂಲಿನೇ ಅರ್ಧಕ್ಕರ್ಧ ಸೋರಿಕಿಗೆ ಕಾರಣ ಅಂತ ನನ್ನ ಗೌಂಡಿ ಹೇಳ್ತಾನ, ಲೆಕ್ಕ ಅವಂದು, ಆದ್ರ ನಾನು ನೋಡಿದ ಮಟ್ಟಿಗೆ ಮಾತು ಖರೇನ. ಆ ಮೂಲ್ಯಾಗ ನೇರ ಕೋನ ಬಿಡಬ್ಯಾಡ್ರಿ, ಗಚ್ಚು ಗುಂಡಗೆ ಹಿಡ್ಸಿ, ಮ್ಯಾಲ ಹಚ್ಚೋ ವಾಟರ್‌ಪ್ರೂಫ್ ಕೋಟು ಗೋಡಿ ಮ್ಯಾಲ ಕಮ್ಮಿ ಅಂದ್ರ 1 ಅಡಿ ಏರಿಸ್ರಿ.

ಇಳಿಜಾರು ನೋಡ್ರಿ. 100ಕ್ಕ 1 ಇರಬೇಕು, ಅಂದ್ರ 10 ಅಡಿ ಉದ್ದಕ್ಕ ಒಂದೂಕಾಲು ಇಂಚ್ ಇಳಿಬೇಕು. ಒಂದು ಬಕೀಟು ನೀರು ಸುರುವಿ ಅದು ತಾನಾಗೇ ಪೈಪಿಗೆ ಹೊಂಟ್ರ ಸರಿ, ನಡುವ ಕೆರಿ ಆಗಿ ನಿಂತ್ರ ಆ ತಗ್ಗು ಈಗಲೇ ತುಂಬಸ್ರಿ. ಇಳಿಜಾರು ಇನ್ಸುಲೇಶನ್ ಮ್ಯಾಲ ಮಾಡೋಣ ಬಿಡ್ರಿ ಅಂತ ಅಂದ್ರ ಕೇಳಬ್ಯಾಡ್ರಿ, ನೀರು ಕೊನೀಗೆ ಇಳ್ದು ಬಂದು ನಿಲ್ಲೋದು ಸ್ಲ್ಯಾಬಿನ ಮ್ಯಾಲೇ, ಅಲ್ಲೇ ದಾರಿ ಇರಬೇಕು.

ವಾಟರ್‌ಪ್ರೂಫಿಂಗಿನಾಗ ಒಂದು ಸೂಕ್ಷ್ಮ ಐತಿ, ಡಬ್ಬಿ ಮ್ಯಾಲ ಬರ್ದಿರ್ತೈತಿ, ಯಾರೂ ಓದಂಗಿಲ್ಲ. ಸಿಮೆಂಟ್ ಜತಿ ಕಲಸಿ ಹಚ್ಚೋ ಪಾಲಿಮರ್ ಕೋಟಿಗೆ ಛತ್ತು ತುಸು ನೆನೆದಿರಬೇಕು, ನೀರು ಚಿಮುಕಿಸಿ ನಿಂತ ನೀರು ಒರಸಿ ಹಚ್ಚಬೇಕು, ಇಲ್ಲಾಂದ್ರ ಒಣ ಕಾಂಕ್ರೀಟು ಕೋಟಿನ ನೀರನ್ನೇ ಕುಡೀತೈತಿ. ಡಾಂಬರ್ ಶೀಟು, ಪಿಯು (ಪಾಲಿಯುರೆಥೇನ್) ಕೋಟು ಇಂಥವುಕ್ಕ ಮಾತ್ರ ಛತ್ತು ಬಕ್ಕ ಒಣಗಿರಬೇಕು, ಇಲ್ಲಾಂದ್ರ ಬಿಸಿಲಿಗೆ ಒಳಗಿನ ನೀರು ಉಗಿಯಾಗಿ ಗುಳ್ಳಿ ಎಬ್ಬಿಸ್ತೈತಿ. ಯಾವುದು ಹಚ್ಚಿದ್ರೂ ಹಚ್ಚಿದ ಮ್ಯಾಲ ಮತ್ತೊಮ್ಮಿ ನೀರು ನಿಲ್ಲಿಸಿ ಟೆಸ್ಟ್ ಮಾಡ್ರಿ. ಇಲ್ಲಿ ಪಾಸಾಗದ ಹೊರತು ಮುಂದ ಹೋಗಂಗಿಲ್ಲ, ಗೌಂಡಿ ಎಷ್ಟೇ ಅವಸರ ಮಾಡಲಿ.

ಈಗ ಇನ್ಸುಲೇಶನ್. ಅಂಗಡ್ಯಾಗ ಬಿಳಿ ಥರ್ಮಾಕೋಲ್ ಸಿಗ್ತೈತಿ, ಅದಕ್ಕ ಇಪಿಎಸ್ ಅಂತಾರ, ಕಾಳು ಕಾಳು ಕೂಡಿಸಿ ಮಾಡಿದ್ದು, ಕಾಳಿನ ಸಂದ್ಯಾಗ ನೀರು ಹೋಗ್ತೈತಿ. ಇನ್ನೊಂದು ಬಣ್ಣದ ಗಟ್ಟಿ ಹಲಗಿ, ಎಕ್ಸ್‌ಪಿಎಸ್, ಮುರ್ದು ನೋಡಿದ್ರ ಕಾಳು ಕಾಣಂಗಿಲ್ಲ, ಒಂದೇ ಸಮ ಇರ್ತೈತಿ, ನೀರು ಕುಡಿಯೋದು ಭಾಳ ಕಮ್ಮಿ. ಛತ್ತಿನ ಮ್ಯಾಲ ಹಾಕೋಕೆ ಎರಡನೇದೇ ತಗೋರಿ, ರೇಟು ಜಾಸ್ತಿ ಅನಸ್ತೈತಿ, ನನ್ನ ಕತಿ ಇನ್ನೊಮ್ಮಿ ಓದ್ರಿ. 2 ಇಂಚ್ ಎಕ್ಸ್‌ಪಿಎಸ್ ಹಲಗಿ ಕಾವು ತಡಿಯೋದ್ರಾಗ ಹೆಚ್ಚೂಕಮ್ಮಿ ಎರಡೂವರಿ ಮೀಟರ್ ದಪ್ಪದ ಕಾಂಕ್ರೀಟಿಗೆ ಸಮ. ಹೌದ್ರೀ, ಮೀಟರ್. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಾಗ ತಂದ ಇಕೋ ನಿವಾಸ್ ಸಂಹಿತೆ ಪ್ರಕಾರ ಮನಿ ಛತ್ತಿನ ಯು-ವ್ಯಾಲ್ಯೂ (ಕಾವು ಎಷ್ಟು ಒಳಗ ಬಿಡ್ತೈತಿ ಅನ್ನೋ ಅಳತಿ, ಕಮ್ಮಿ ಇದ್ದಷ್ಟು ಚಲೋ) 1.2 ದಾಟಬಾರದು, ನಮ್ಮ ಬರೀ ಸ್ಲ್ಯಾಬಿಂದು 3ರ ಮ್ಯಾಲ ಇರ್ತೈತಿ, 1 ಇಂಚ್ ಎಕ್ಸ್‌ಪಿಎಸ್ ಹಾಕಿದ್ರೇ 1ಕ್ಕಿಂತ ಕೆಳಗ ಬರ್ತೈತಿ, 2 ಇಂಚಿಗೆ 0.5ರ ಹತ್ರ. 4 ಇಂಚ್ ಹಾಕ್ರಿ ಅಂತ ಹೇಳೋರು ಮಾರೋರು, ನಮ್ಮ ಊರಿಗೆ 2 ಸಾಕು, ಉಳಿದ ರೊಕ್ಕಕ್ಕ ಕಿಟಕಿಗೆ ನೆರಳು ಮಾಡಸ್ರಿ.

ಹಾಸೋ ಕ್ರಮ ಕೆಳಗಿಂದ ಮ್ಯಾಲ ಹೇಳ್ತೀನಿ. ಸ್ಲ್ಯಾಬು, ಅದರ ಮ್ಯಾಲ ವಾಟರ್‌ಪ್ರೂಫ್ ಕೋಟು, ಅದರ ಮ್ಯಾಲ ಎಕ್ಸ್‌ಪಿಎಸ್ ಹಲಗಿ, ಅದರ ಮ್ಯಾಲ ಜಿಯೋ ಬಟ್ಟಿ (ನೀರು ಬಿಟ್ಟು ಗಚ್ಚು ತಡಿಯೋ ಸಿಂಥೆಟಿಕ್ ಬಟ್ಟಿ), ಅದರ ಮ್ಯಾಲ ಗಚ್ಚು ಮತ್ತ ಬಿಳಿ ಟೈಲ್ಸು. ಭಾಳ ಜನ ಇದನ್ನ ಉಲ್ಟಾ ಮಾಡಿ ವಾಟರ್‌ಪ್ರೂಫ್ ಎಲ್ಲಾಕ್ಕಿಂತ ಮ್ಯಾಲ ಹಚ್ಚತಾರ. ಹಂಗ ಮಾಡಿದ್ರ ಆ ಕೋಟು ದಿನಾ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿ ಬ್ಯಾಗ ಸೀಳ್ತೈತಿ, ಸೀಳಿದ ಮ್ಯಾಲ ಇಳಿದ ನೀರು ಹಲಗಿ ಕೆಳಗ ಎಲ್ಲಿ ಹೋತು ಅಂತ ದೇವರಿಗೂ ಗೊತ್ತಾಗಂಗಿಲ್ಲ. ಕೋಟು ಹಲಗಿ ಕೆಳಗ ಇದ್ರ ಅದಕ್ಕ ಬಿಸಿಲೇ ಬಡಿಯಂಗಿಲ್ಲ, ಹಲಗಿ ಸಂದ್ಯಾಗಿಂದ ಇಳಿದ ನೀರು ಕೋಟಿನ ಮ್ಯಾಲ ಜಾರಿ ಪೈಪಿಗೆ ಹೋಗ್ತೈತಿ. ಪೈಪಿನ ಬಾಯಿ ಸುತ್ತ ಒಂದು ಅಡಿ ಜಾಗದಾಗ ಗಚ್ಚು ಗಟ್ಟಿಯಾಗಿ ಮುಚ್ಚದಂಗ ಜಾಳಿಗಿ ಇಡ್ರಿ, ಮ್ಯಾಲಿನ ನೀರಿಗೂ ದಾರಿ ಬೇಕು ಹಲಗಿ ಕೆಳಗಿನ ನೀರಿಗೂ ದಾರಿ ಬೇಕು.

ಹಲಗಿ ಹಾಸುವಾಗ ಇಟ್ಟಂಗಿ ಕಟ್ಟಿದಂಗ ಸಂದು ತಪ್ಪಿಸಿ ಹಾಸ್ರಿ, ತುದಿ ಒಂದರ ಮ್ಯಾಲ ಒಂದು ಕೂಡೋ ಮಾಟದ ಹಲಗಿ ಸಿಕ್ರ ಚಲೋ. ಅಂಟು ಯಾವುದಿದ್ರೂ ಮೊದಲು ಒಂದು ತುಂಡಿಗೆ ಹಚ್ಚಿ ನೋಡ್ರಿ, ಪೆಟ್ರೋಲು, ಥಿನ್ನರ್ ಇರೋ ಅಂಟು ಹಚ್ಚಿದ್ರ ಹಲಗಿ ಸಕ್ಕರಿ ಕರಗಿದಂಗ ಕರಗ್ತೈತಿ, ಕಾಸಿದ ಡಾಂಬರ್ ತಾಗಿದ್ರೂ ಅಷ್ಟೇ. ಹಲಗಿ ಹಾಸಿ ವಾರಗಟ್ಟಲೆ ಬಿಸಿಲಿಗೆ ಬಿಡಬ್ಯಾಡ್ರಿ, 75 ಡಿಗ್ರಿ ಆಸುಪಾಸು ಅದರ ಮಿತಿ, ಬಿಸಿಲಿಗೆ ಪುಡಿಪುಡಿನೂ ಆಗ್ತೈತಿ, ಗಾಳಿ ಬಂದ್ರ ಪಕ್ಕದ ಮನಿ ಅಂಗಳಕ್ಕ ಹಾರಿ ಹೋಗ್ತೈತಿ ಅದು ಬ್ಯಾರೆ.

ಶಕ್ತಿನಗರದ ಕರೆಂಟ್ ಕಾರ್ಖಾನೆ ಬೂದಿಯಿಂದ ಮಾಡಿದ ಇಟ್ಟಂಗಿ, ಒಳಗ ಗಾಳಿ ಗುಳ್ಳಿ ಇರೋ ಹಗುರ ಎಎಸಿ ಬ್ಲಾಕಿನ ಚೂರು, ಇವನ್ನ ಛತ್ತಿಗೆ ತುಂಬಿಸಿದ್ರ ಹ್ಯಾಂಗ ಅಂತ ಕೇಳ್ತಾರ. ಎಎಸಿ ಚೂರು ಕಾವು ತಡೀತೈತಿ ಖರೆ, ಆದ್ರ ಸ್ಪಂಜಿನಂಗ ನೀರು ಕುಡೀತೈತಿ, ಒಮ್ಮಿ ಕುಡಿದ್ರ ಕಾವು ತಡಿಯೋದೂ ಹೋತು, ಭಾರ ಬ್ಯಾರೆ. ಇಟ್ಟಂಗಿ ಚೂರಿನ ಕೋಬಾನೂ ಹಂಗೇ, 4 ಇಂಚ್ ಹಾಕಿದ್ರ ಒಂದು ಚದರ ಮೀಟರಿಗೆ ಒಂದೂವರಿ ಕ್ವಿಂಟಲ್ ಮ್ಯಾಲ ಭಾರ, ಹಳೇ ಸ್ಲ್ಯಾಬಿಗೆ ಬ್ಯಾಡ.

ರೊಕ್ಕ ಕಮ್ಮಿ ಇದ್ದವ್ರು, ಬಾಡಿಗಿ ಮನ್ಯಾಗ ಇದ್ದವ್ರು ಇದೆಲ್ಲಾ ಬಿಟ್ಟು ಮಾರ್ಚದಾಗ ಛತ್ತಿಗೆ ಸುಣ್ಣ ಹೊಡೀರಿ, ತುಸು ಫೆವಿಕಾಲ್ ಕೂಡಸ್ರಿ ಹಿಡ್ಕೊಳ್ತೈತಿ, ಎರಡು ಮೂರು ಕೈ. ಬಿಳಿ ಬಣ್ಣ ಬಿಸಿಲನ್ನ ಬಂದ ದಾರೀಲೆ ವಾಪಸ್ ಕಳಸ್ತೈತಿ, ಸುಣ್ಣ ಉಸುರಾಡೋದ್ರಿಂದ ಹಸಿನೂ ಸಿಕ್ಕೊಳ್ಳಂಗಿಲ್ಲ. ಸಂಡೂರು, ತೋರಣಗಲ್ಲು ದಾರಿ ಹತ್ರ ಇದ್ದವ್ರಿಗೆ ಮಾತ್ರ ಕೆಂಪು ಧೂಳಿನ ಕಾಟ, ಬಿಳಿ ಛತ್ತು ತಿಂಗಳದಾಗ ಕಾವಿ ಹಚ್ಚಿದಂಗ ಆಗ್ತೈತಿ, ಆಗಾಗ ನೀರು ಹೊಡ್ದು ತೊಳಿಬೇಕು.

ತಗಡಿನ ಮನಿ, ಕೆಳಗ ಫಾಲ್ಸ್ ಸೀಲಿಂಗ್

ಸಿಂಧನೂರು, ಗಂಗಾವತಿ ಕಡಿ ಮ್ಯಾಲ ತಗಡು, ಕೆಳಗ ಜಿಪ್ಸಮ್ ಇಲ್ಲಾ ಪಿವಿಸಿ ಸೀಲಿಂಗ್ ಹಾಕಿದ ಮನಿ, ಅಂಗಡಿ ಭಾಳ ಅದಾವ. ಚಳಿ ದೇಶದವ್ರು ಅಟ್ಟದ ನೆಲಕ್ಕ ಇನ್ಸುಲೇಶನ್ ಹಾಕೋದು ಅಂತ ಏನು ವಿಡಿಯೋ ಮಾಡ್ತಾರಲ್ಲ, ನಮ್ಮಲ್ಲಿ ಅದಕ್ಕ ಹತ್ರ ಬರೋದು ಇದೇ, ತಗಡಿಗೂ ಸೀಲಿಂಗಿಗೂ ನಡುವಿನ ಜಾಗ ನಮ್ಮ ಅಟ್ಟ. ಆದ್ರ ಆ ವಿಡಿಯೋ ನೋಡಿ ಹಂಗೇ ಮಾಡಿದ್ರ ಕೆಡ್ತೀರಿ. ಅಮೆರಿಕಾದ ಚಳಿ ರಾಜ್ಯಗಳಾಗ ಆರ್-49, ಆರ್-60 (ಆರ್ ಅಂದ್ರ ಕಾವು ತಡಿಯೋ ಅಳತಿ) ಅಂತ ಹಾಕ್ತಾರ, ಅಂದ್ರ ಒಂದಡಿಗಿಂತ ಜಾಸ್ತಿ ದಪ್ಪ. ಅಲ್ಲಿ ಮನಿ ಒಳಗ ಬೆಚ್ಚಗ, ಅಟ್ಟ ಹೆಪ್ಪುಗಟ್ಟೋ ತಂಪು. ಒಳಗ 21 ಡಿಗ್ರಿ, ಗಾಳಿ ತೇವ 40 ಪರ್ಸೆಂಟ್ ಇದ್ರ ಆ ಗಾಳಿ 7 ಡಿಗ್ರಿ ಮೈಗೆ ತಾಗಿದ ಕೂಡ್ಲೇ ನೀರಾಗ್ತೈತಿ. ಅದಕ್ಕ ಅವ್ರು ಉಗಿ ಮ್ಯಾಲ ಹೋಗದಂಗ ಪ್ಲಾಸ್ಟಿಕ್ ಹಾಳಿಯನ್ನ ರೂಮಿನ ಕಡಿ, ಇನ್ಸುಲೇಶನ್ ಕೆಳಗ ಹಾಕ್ತಾರ.

ನಮ್ಮಲ್ಲಿ ಉಲ್ಟಾ. ಕಾಲುವಿಗೆ ನೀರು ಬಿಟ್ಟು, ಸುತ್ತ ಭತ್ತ ನಾಟಿ ಆಗಿ, ಆಗಸ್ಟ್ ತಿಂಗಳದಾಗ ಹೊರಗ 30 ಡಿಗ್ರಿ, ತೇವ 70 ಪರ್ಸೆಂಟ್ ಇರೋ ದಿನ ತಗೋರಿ, ಆ ಗಾಳಿ 24 ಡಿಗ್ರಿಗೆ ತಂಪಾದ್ರ ನೀರು ಬಿಡ್ತೈತಿ. ಅಂಗಡಿಯವ್ರು ಎಸಿ 18ಕ್ಕ ಇಟ್ಟಿರ್ತಾರ. ಸೀಲಿಂಗ್ ಹಲಗಿ ತಣ್ಣಗಾಗಿರ್ತೈತಿ, ಮ್ಯಾಲಿನ ಹಸಿ ಗಾಳಿ ಅದಕ್ಕ ಬಂದು ತಾಗ್ತೈತಿ, ಫ್ರಿಜ್ಜಿನಿಂದ ತೆಗ್ದ ಚೊಂಬು ಬೆವತಂಗ ಹಲಗಿಯ ಮ್ಯಾಲ್ಮೈ ಬೆವರ್ತೈತಿ. ಕೆಳಗಿಂದ ನೋಡಿದವ್ರು ತಗಡು ಸೋರ್ತೈತಿ ಅಂತ ಮ್ಯಾಲ ಹತ್ತಿ ಸ್ಕ್ರೂಗೆಲ್ಲಾ ಎಂ-ಸೀಲ್ ಹಚ್ಚತಾರ, ಏನೂ ಪ್ರಯೋಜನ ಇಲ್ಲ. ಇಲ್ಲಿ ಬಿಸಿ ಕಡಿ ಮ್ಯಾಲಿಂದು. ಅದಕ್ಕ ಅಲ್ಯುಮಿನಿಯಂ ಹಾಳಿ ಇರೋ ಗ್ಲಾಸ್ ವುಲ್ ತಂದ್ರ ಹಾಳಿ ಮುಖ ತಗಡಿನ ಕಡಿ ಇರಬೇಕು, ಉಣ್ಣಿ ಮುಖ ಸೀಲಿಂಗಿನ ಕಡಿ, ಸಂದಿಗೆಲ್ಲಾ ಅದೇ ಹಾಳಿ ಟೇಪು. ಎಸಿ ಇಲ್ಲದ ಮನಿಗೆ ಹಾಳಿಯ ಚಿಂತಿನೇ ಬ್ಯಾಡ, ಬರೀ ಗಾಳಿ ಓಡಾಡಂಗ ನೋಡ್ಕೋರಿ.

ಎರಡೂ ಕಡಿ ಪ್ಲಾಸ್ಟಿಕ್ ಹಾಕಿ ನಡುವ ಉಣ್ಣಿ ಇಡೋದು ಮಾತ್ರ ಯಾವ ಊರಾಗೂ ಮಾಡಬ್ಯಾಡ್ರಿ, ಒಳಗ ಹೋದ ಹನಿಗೆ ಹೊರಗ ಬರೋ ದಾರಿ ಇರಂಗಿಲ್ಲ.

ತಗಡಿಂದು ಇನ್ನೊಂದು ಗುಣ ಐತಿ. ಡಿಸೆಂಬರ್ ರಾತ್ರಿ ಮೋಡ ಇಲ್ಲದ ಆಕಾಶಕ್ಕ ತನ್ನ ಕಾವೆಲ್ಲಾ ಬಿಟ್ಟು ತಗಡು ಸುತ್ತಲಿನ ಗಾಳಿಗಿಂತ ತಂಪಾಗ್ತೈತಿ, ಬೆಳಗಿನ ಜಾವ ಅದರ ಕೆಳಮೈಗೆ ಇಬ್ಬನಿ ಕಟ್ಟಿ ಹನಿ ಹನಿ ಕೆಳಗ ಬೀಳ್ತೈತಿ. ಆ ಹನಿ ಗ್ಲಾಸ್ ವುಲ್ ಮ್ಯಾಲ ಬಿದ್ದು ಬಿದ್ದು ಅದು ನೆಂದು ಚಪ್ಪಟಿ ಆಗ್ತೈತಿ, ಚಪ್ಪಟಿ ಆದ ಉಣ್ಣಿ ಕಾವು ತಡಿಯಂಗಿಲ್ಲ. ಅದಕ್ಕ ಉಣ್ಣಿಗೂ ತಗಡಿಗೂ ನಡುವ ಕಮ್ಮಿ ಅಂದ್ರ ಒಂದು ಗೇಣು ಖಾಲಿ ಬಿಡ್ರಿ, ಎರಡೂ ತುದಿ ಗೋಡಿಗೆ ಜಾಳಿಗಿ ಕಿಂಡಿ ಇಡ್ರಿ, ಒಂದು ಕಡಿಯಿಂದ ಗಾಳಿ ಬಂದು ಇನ್ನೊಂದು ಕಡಿ ಹೋಗಬೇಕು. ಕಿಂಡಿಗೆ ಸಣ್ಣ ಕಣ್ಣಿನ ಕಬ್ಬಿಣ ಜಾಳಿಗಿ ಬಡೀರಿ, ಇಲ್ಲಾಂದ್ರ ಇಲಿ, ಗುಬ್ಬಿ, ಪಾರಿವಾಳ ಎಲ್ಲಾ ಬಾಡಿಗಿ ಇಲ್ಲದ ಒಕ್ಕಲು.

ಕೆಲಸಕ್ಕ ಹತ್ತೋ ಮುಂಚೆ ಮ್ಯಾಲ ಇಣುಕಿ ನೋಡ್ರಿ ಬಚ್ಚಲದ, ಅಡಗಿ ಮನಿ ಎಕ್ಸಾಸ್ಟ್ ಫ್ಯಾನಿನ ಪೈಪು ಎಲ್ಲಿ ಬಿಟ್ಟಾರ ಅಂತ. ನಾನು ನೋಡಿದ ಒಂದು ಮನ್ಯಾಗ ಅದನ್ನ ಸೀಲಿಂಗಿನ ಮ್ಯಾಲೇ ಬಿಟ್ಟಿದ್ರು, ಇಡೀ ಮನಿ ಉಗಿ ದಿನಾ ಆ ಅಟ್ಟಕ್ಕ ಹೋಗಿ ಸೀಲಿಂಗ್ ಹಲಗಿಗೆ ಕರೀ ಬೂಷ್ಟು ಹಿಡಿದಿತ್ತು. ಪೈಪನ್ನ ಗೋಡಿ ದಾಟಿಸಿ ಹೊರಗ ಬಿಡ್ರಿ. ಲೈಟಿನ ತೂತು, ಫ್ಯಾನಿನ ಕೊಂಡಿ ತೂತು, ವೈರಿನ ಪೈಪು ಬಂದ ಜಾಗ, ಇವನ್ನೆಲ್ಲಾ ಸಿಲಿಕಾನ್ ಹಾಕಿ ಮುಚ್ರಿ, ಹಲಗಿ ಮೂಲಕ ಹೋಗೋ ತೇವಕ್ಕಿಂತ ತೂತಿನಾಗ ಗಾಳಿ ಜತಿ ಹೋಗೋ ತೇವ ಎಷ್ಟೋ ಪಟ್ಟು ಜಾಸ್ತಿ. ಸೀಲಿಂಗಿನಾಗ ಕೂಡಿಸಿದ ದುಂಡು ಲೈಟಿನ ಬೆನ್ನಿಗೆ ಮತ್ತ ಅದರ ಡ್ರೈವರ್ ಡಬ್ಬಿಗೆ ಉಣ್ಣಿ ಮುಚ್ಚಬ್ಯಾಡ್ರಿ, ಸುತ್ತ ನಾಕು ಬೆರಳು ಜಾಗ ಬಿಡ್ರಿ, ಕಾವು ಕಟ್ಟಿ ಸುಡ್ತಾವ. ಹಳೇ ಜೋಡು ಹಾಕಿದ ವೈರಿದ್ರ ಎಲೆಕ್ಟ್ರಿಷಿಯನ್ನನ್ನ ಮೊದಲು ಕರೀರಿ.

ಮ್ಯಾಲ ಹತ್ತೋದು ಬೆಳಿಗ್ಗೆ 6ರಿಂದ 9, ಅದರಾಚಿ ಅಲ್ಲಿ ಮನಿಷ್ಯಾ ನಿಲ್ಲೋ ಜಾಗ ಅಲ್ಲ. ತುಂಬು ತೋಳಿನ ಅಂಗಿ, ಮಾಸ್ಕು, ಕೈಗವಸು, ಕಣ್ಣಿಗೆ ಕನ್ನಡಕ. ಗ್ಲಾಸ್ ವುಲ್ ಮೈಗೆ ಹತ್ತಿದ್ರ ಕೆರಕೋಬ್ಯಾಡ್ರಿ, ತಣ್ಣೀರು ಹಾಕಿ ತೊಳೀರಿ, ಬಿಸಿನೀರಿಗೆ ಇನ್ನೂ ಒಳಗ ಹೊಕ್ಕೊಂಡಂಗ ಉರೀತೈತಿ. ಕಾಲಿಡೋದು ಕಬ್ಬಿಣದ ಪಟ್ಟಿ ಮ್ಯಾಲ, ಜಿಪ್ಸಮ್ ಮ್ಯಾಲ ಇಟ್ರ ನೇರ ಅಡಗಿ ಮನಿಗೇ ಇಳೀತೀರಿ. ಒಲಿ ಮ್ಯಾಲಿನ ಭಾಗಕ್ಕ ಥರ್ಮಾಕೋಲು, ಪಫ್ಫು ಹಾಕಬ್ಯಾಡ್ರಿ, ಹೊತ್ತಿದ್ರ ಕೆಟ್ಟ ಹೊಗಿ, ಅಲ್ಲಿ ರಾಕ್ ವುಲ್ (ಕಲ್ಲಿನ ಎಳಿಯ ಉಣ್ಣಿ) ಇಲ್ಲಾ ಗ್ಲಾಸ್ ವುಲ್ಲೇ ಇರಲಿ.

ರೈಸ್ ಮಿಲ್ಲಿನ ಭತ್ತದ ಹೊಟ್ಟು ಚೀಲಗಟ್ಟಲೆ ಸಸ್ತಾ ಸಿಗ್ತೈತಲ್ಲ, ಅದನ್ನ ಸೀಲಿಂಗ್ ಮ್ಯಾಲ ತುಂಬಿದ್ರ ಅಂತ ನಮ್ಮ ಮಾವನೇ ಕೇಳಿದ್ದ. ಕಾವು ತಡೀತೈತಿ, ಬ್ಯಾಗ ಕೊಳಿಯಂಗೂ ಇಲ್ಲ. ಆದ್ರ ಅದರಾಗ ಉಳಿದ ನುಚ್ಚಿಗೆ ಇಲಿ ಬಂದೇ ಬರ್ತಾವ, ಬೆಂಕಿ ಹತ್ತಿದ್ರ ಒಳಗೊಳಗೇ ಕೆಂಡ ಆಗಿ ಉರೀತೈತಿ. ಮಾವಗ ಬ್ಯಾಡ ಅಂದೆ, ಕೇಳಿದ್ನೋ ಇಲ್ಲೋ ಇನ್ನೂ ಅವನ ಮನಿಗೆ ಹೋಗಿಲ್ಲ.

ಮಣ್ಣಿನ ಮಾಳಿಗಿ ಇನ್ನೂ ಉಳಿಸ್ಕೊಂಡವ್ರಿಗೆ

ಪುಣ್ಯವಂತರು ನೀವು, ನಿಮಗ ಇನ್ಸುಲೇಶನ್ ಬೇಕಾಗೇ ಇಲ್ಲ, ತೊಲಿ, ಜಂತಿ, ಅದರ ಮ್ಯಾಲ ಕಡ್ಡಿ, ಬೇವಿನ ಸೊಪ್ಪು, ಒಂದಡಿ ಮಣ್ಣು, ಇದಕ್ಕಿಂತ ತಂಪು ಯಾವುದೈತಿ. ಮ್ಯಾಲ ಹಾಕೋ ಕರಲು ಮಣ್ಣು ಸುಮ್ನ ಹಾಕಲ್ಲ, ಅದರಾಗಿನ ಸೋಡಿಯಂ ಜೇಡಿಯನ್ನ ಬಿಡಿಸಿ ಸಣ್ಣಗ ಮಾಡಿ ಸಂದಿ ಎಲ್ಲಾ ಮುಚ್ಚಂಗ ಮಾಡ್ತೈತಿ, ಮಳಿ ನೀರು ಒಳಗ ಇಳಿಯದೇ ಹರನಾಳಿಗಿ ಕಡಿ ಓಡ್ತೈತಿ. ಹೊಲಕ್ಕ ಶನಿಯಾದ ಮಣ್ಣು ಮಾಳಿಗಿಗೆ ದೇವರು.

ಇಲ್ಲಿ ಆಗೋ ತಪ್ಪು ಎರಡು. ಒಂದು, ಸೋರಿದಾಗೆಲ್ಲ ಹಳೇದು ತೆಗೀದೆ ಮ್ಯಾಲ ಮ್ಯಾಲ ಹೊಸ ಮಣ್ಣು ಹಾಕ್ತಾ ಹೋಗೋದು. 1 ಇಂಚ್ ಮಣ್ಣು ಚದರಡಿಗೆ 4 ಕೆಜಿ ಮ್ಯಾಲ ಭಾರ, 10ಕ್ಕ 12 ಅಡಿ ಪಡಸಾಲಿಗೆ ಲೆಕ್ಕ ಹಾಕಿದ್ರ ಒಂದು ಇಂಚಿಗೆ ಐದು ಕ್ವಿಂಟಲ್. ಹೊಸದು ಹಾಕೋ ಮುಂಚೆ ಅಷ್ಟೇ ಹಳೇದು ಕೆರದು ತೆಗೀರಿ. ಎರಡು, ತಾಡಪತ್ರಿ ಹಾಸಿ ಅದರ ಮ್ಯಾಲ ಮಣ್ಣು ಮುಚ್ಚಿ ಮರ್ತು ಬಿಡೋದು. ಮಳಿಗಾಲಕ್ಕ ಮ್ಯಾಲ ಹೊದಿಸಿ ಆಮ್ಯಾಲ ತೆಗದ್ರ ಸರಿ, ಹೂತು ಬಿಟ್ರ ಕೆಳಗಿನ ಹಸಿ ಆರೋ ದಾರಿ ಕಟ್ಟಾಗಿ ಜಂತಿ ಕೊಳೀತಾವ, ಗೆದ್ದಲಕ್ಕ ಹಬ್ಬ. ತಗಡು ಹಾಕಬೇಕಂತಿದ್ರ ಮಾಳಿಗಿ ಮ್ಯಾಲ ಎರಡು ಅಡಿ ಎತ್ತರ ಬಿಟ್ಟು, ನಾಕೂ ಕಡಿ ಗಾಳಿ ಆಡಂಗ ಹಾಕ್ರಿ, ತಗಡಿನ ಭಾರ ಮಾಳಿಗಿ ಮ್ಯಾಲ ಅಲ್ಲ, ಗೋಡಿ ಮ್ಯಾಲ ಬರಲಿ.

ಕೂಲರ್ ಇದ್ದವ್ರು ಒಂದು ಕೇಳ್ತಾರ, ಕೂಲರ್ ಹಸಿ ಗಾಳಿ ಸೀಲಿಂಗ್ ಕೆಡಸ್ತೈತಾ ಅಂತ. ಏಪ್ರಿಲ್ ಮೇದಾಗ ಕೆಡಿಸಂಗಿಲ್ಲ, ಛಾವಣಿ ಅಷ್ಟು ಬಿಸಿ ಇರೋವಾಗ ಅಲ್ಲಿ ಹನಿ ಕಟ್ಟಾಕ ಸಾಧ್ಯನೇ ಇಲ್ಲ. ಕಿಟಕಿ ಒಂದು ತೆಗ್ದಿಡ್ರಿ ಸಾಕು. ಜೂನ್ ಮುಗ್ದು ಹೊರಗಿನ ಗಾಳಿನೇ ಹಸಿ ಆದ ಮ್ಯಾಲೂ ಬಾಗಿಲು ಮುಚ್ಚಿ ಕೂಲರ್ ಓಡಿಸಿದ್ರ ಜಿಪ್ಸಮ್ ಉಬ್ಬಿ ಬೂಷ್ಟು ಹಿಡೀತೈತಿ, ಅಷ್ಟೊತ್ತಿಗೆ ಅದು ತಂಪೂ ಮಾಡಂಗಿಲ್ಲ, ನೀರು ಖಾಲಿ ಮಾಡಿ ಗೋಣಿ ಹೊದಿಸಿ ಮೂಲಿಗೆ ಇಡ್ರಿ.

ಎಲ್ಲಾ ಮುಗಿದ ಮ್ಯಾಲ ಛತ್ತಿಗೆ ಏನೇನು ಕೂಡಸ್ತೀರೋ ಅದರ ಮ್ಯಾಲ ಕಣ್ಣಿಡ್ರಿ. ಸೋಲಾರ್ ಬಿಸಿನೀರಿನವ್ರು, ಡಿಶ್ ಹಚ್ಚೋ ಹುಡುಗ್ರು, ಇಂಟರ್ನೆಟ್ ಕೇಬಲ್ಲಿನವ್ರು ಬಂದು ಡ್ರಿಲ್ ಹಿಡ್ದು ಟೈಲ್ಸು, ಹಲಗಿ, ವಾಟರ್‌ಪ್ರೂಫ್ ಕೋಟು ಮೂರನ್ನೂ ಒಂದೇ ತೂತಿನಾಗ ದಾಟಿಸಿ ಹೋಗಿಬಿಡ್ತಾರ, ನೀವು ಕೆಳಗ ಚಾ ಮಾಡ್ತಿರ್ತೀರಿ. ಸ್ಟ್ಯಾಂಡಿಗೆ ಬೇಕಾದ್ರ ಭಾರದ ಸಿಮೆಂಟ್ ಬ್ಲಾಕ್ ಮಾಡಿ ಅದಕ್ಕ ಬೋಲ್ಟ್ ಹಾಕಸ್ರಿ, ಡಿಶ್ಶಿಗೆ ಪ್ಯಾರಾಪೆಟ್ಟಿನ ಹೊರಗಡಿ ಪಕ್ಕ ತೋರಸ್ರಿ. ನಮ್ಮ ಎರಡನೇ ಸಲದ ಛತ್ತಿಗೆ ಈಗ ಮೂರು ಮಳಿಗಾಲ ಆತು, ಒಂದು ಕಲಿ ಇಲ್ಲ, ಮ್ಯಾಲ ಹತ್ತೋ ಬಾಗಿಲ ಕೀಲಿ ಮಾತ್ರ ಅವ್ವನ ಸೆರಗಿನಾಗ ಇರ್ತೈತಿ.